ಗ್ಯಾನೆಟ್ ಬೀದಿಯ ಸೋಮವಾರ

ಚರ್ಚಿನ ಮುಂದೆ ಶವಪೆಟ್ಟಿಗೆಯನ್ನು ಕಪ್ಪು ಕಾರಿನೊಳಗೆ ಸರಿಸಿ ಬಾಗಿಲು ಹಾಕುತ್ತಿದ್ದ ಕ್ಲೆಗ್‌ನ ತೋಳನ್ನು ವಿನಿಫ್ರೆಡ್ ಹಿಡಿದುಕೊಂಡಳು.

"ಸುತ್ತುದಾರಿ ಬೇಡ," ಎಂದಳು. "ಗ್ಯಾನೆಟ್ ಬೀದಿ ಮೇಲೇ ಹೋಗೋಣ."

ಕ್ಲೆಗ್ ಹ್ಯಾವರ್ಬಿಯಲ್ಲಿ ಸತ್ತವರನ್ನೆಲ್ಲ ತಲುಪಬೇಕಾದಲ್ಲಿಗೆ ತಲುಪಿಸುತ್ತ ಮುದುಕನಾದವನು. ಊರಿನಲ್ಲಿ ಯಾರು ಯಾರ ಜತೆ ಮಾತು ಬಿಟ್ಟಿದ್ದಾರೆ ಎನ್ನುವುದು ಪಾದ್ರಿಗಿಂತ ಅವನಿಗೇ ಚೆನ್ನಾಗಿ ಗೊತ್ತು. ಅವನು ಟೊಪ್ಪಿಗೆ ತೆಗೆದ, ಮತ್ತೆ ಹಾಕಿಕೊಂಡ. ಸುತ್ತುದಾರಿಯಲ್ಲಿ ಹೋದರೂ ಬಂದರು ಮುಟ್ಟುವುದಕ್ಕೆ ಬೇಕಾದಷ್ಟು ಹೊತ್ತಿದೆ, ಉಬ್ಬರ ಇಳಿಯುವುದು ಮಧ್ಯಾಹ್ನದ ಮೇಲೆ, ಸಿಡ್ ಹಾರ್ಕರ್‌ನ ಹುಡುಗರು ದೋಣಿ ಸಿದ್ಧ ಮಾಡಿಕೊಂಡು ಕೂತಿದ್ದಾರೆ ಎಂದು ಏನೇನೋ ಹೇಳಿದ. ಹೇಳಬೇಕಾದ್ದನ್ನು ಮಾತ್ರ ಹೇಳಲಿಲ್ಲ. ಅದನ್ನು ಮಗಳು ರೋಸಲಿಂಡ್ ಹೇಳಿದಳು.

"ಅಮ್ಮ, ಇವತ್ತು ಸೋಮವಾರ. ಬಿಸಿಲು ನೋಡು, ಗಾಳಿ ನೋಡು. ಬೀದಿ ತುಂಬ ಬಟ್ಟೆ ಒಣಹಾಕಿರ್ತಾರೆ. ಅಪ್ಪನ್ನ ಇನ್ನೊಂದ್ಸಲ ಅದರ ಕೆಳಗೆ ಕರ್ಕೊಂಡು ಹೋಗ್ಬೇಕಾ?"

"ನಿಮ್ಮಪ್ಪನೇ ಕೇಳಿದ್ದು ಕಣೇ. ನಾನಲ್ಲ."

"ಜ್ವರದಲ್ಲಿ ಕೇಳಿದ್ದು."

"ಜ್ವರದಲ್ಲಿ ಮನುಷ್ಯ ಸುಳ್ಳು ಹೇಳಲ್ಲ," ಎಂದು ವಿನಿಫ್ರೆಡ್ ಹಿಂದಿನ ಕಾರು ಹತ್ತಿದಳು.

ಹ್ಯಾವರ್ಬಿಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂಡಸು ಸಮುದ್ರಕ್ಕೆ ಹೊರಡುವ ದಿನ ಮನೆಯಲ್ಲಿ ಬಟ್ಟೆ ಒಗೆಯಬಾರದು. ಒಗೆದರೆ ನೀರು ಅವನನ್ನೂ ತೊಳೆದುಕೊಂಡು ಹೋಗುತ್ತದೆ. ಬಂದರಿಗೆ ಹೋಗಿ ಕೈ ಬೀಸಬಾರದು. ಬೀಸಿದರೆ ಅದೇ ಕಡೆಯ ಭೇಟಿ. ಹೊರಗಿನವರು ಇದನ್ನು ಕೇಳಿ ನಗುತ್ತಾರೆ. ನಗಲಿ, ಅವರ ಗಂಡಂದಿರು ಸಂಜೆ ಬಸ್ಸಿನಲ್ಲಿ ಮನೆಗೆ ಬರುತ್ತಾರೆ.

ಲಯನೆಲ್ ಗಾರ್ತ್‌ನ ದೇಹವನ್ನು ಅವತ್ತು ಒಯ್ಯುತ್ತಿದ್ದದ್ದು ಮಣ್ಣಿಗಲ್ಲ, ಸಮುದ್ರಕ್ಕೆ. ಆದ್ದರಿಂದ ಅದು ಹೊರಡುವ ದಿನವೇ. ಬೀದಿಯವರು ಅವನನ್ನು ತಮ್ಮವನೆಂದು ಎಣಿಸಿದರೆ ಬಟ್ಟೆ ಒಣಹಾಕುವ ಹಗ್ಗಗಳು ಖಾಲಿ ಇರಬೇಕು. ಎಣಿಸದಿದ್ದರೆ, ಸೋಮವಾರ ಬಟ್ಟೆ ಒಗೆಯುವ ದಿನ. ಯಾರೂ ಯಾರನ್ನೂ ಬೈಯುವ ಹಾಗಿಲ್ಲ. ವಿನಿಫ್ರೆಡ್‌ಳಿಗೆ ಅಳುಕಿದ್ದದ್ದು ಇದಕ್ಕೇ. ಗಂಡ ಬದುಕಿದ್ದಾಗ ಒಮ್ಮೆ ಆದ ಅವಮಾನವನ್ನು ಸತ್ತ ಮೇಲೆ ತಾನೇ ಕೈಯಾರೆ ಇನ್ನೊಮ್ಮೆ ಮಾಡಿಸುತ್ತಿದ್ದೇನೋ ಏನೋ ಎಂದು.

ಪ್ರಾರ್ಥನೆಗೆಂದು ಬಂದಿದ್ದ ಮುದುಕ ಸಿಡ್ ಹಾರ್ಕರ್ ಅವರ ಜತೆಗೇ ಕಾರಿನಲ್ಲಿ ಕೂತ. ಒಂದು ಕಾಲದಲ್ಲಿ ದೊಡ್ಡ ಮೀನು ಹಡಗು ನಡೆಸಿದವನು, ಈಗ ತಳ್ಳುಗಾಡಿಯಲ್ಲಿ ಮೀನು ಮಾರುತ್ತಿದ್ದ. ಎಷ್ಟು ತಿಕ್ಕಿ ತೊಳೆದಿದ್ದರೂ ಅವನ ಕೋಟಿನ ಮೀನಿನ ವಾಸನೆ ಹೋಗಿರಲಿಲ್ಲ. ಗ್ಯಾನೆಟ್ ಬೀದಿಯ ಎಡ್ನಾ ಪ್ರಾಕ್ಟರ್ ಚರ್ಚಿಗೆ ಬಂದಿರಲಿಲ್ಲ. ಬೀದಿಯ ಹೆಂಗಸರೆಲ್ಲ ಎಡ್ನಾಳ ಮುಖ ನೋಡಿಕೊಂಡೇ ಏನಾದರೂ ಮಾಡುವವರು ಎಂದು ಎಲ್ಲರಿಗೂ ಗೊತ್ತಿತ್ತು.

"ಎಡ್ನಾಗೆ ಏನಾದ್ರೂ ಹೇಳಿದ್ಯಾ, ಸಿಡ್?" ಎಂದು ವಿನಿಫ್ರೆಡ್ ಕೇಳಿದಳು.

"ಇಲ್ಲ ಅಮ್ಮಾವ್ರೇ. ಇಂಥದ್ದನ್ನ ಕೇಳಿ ಇಸ್ಕೊಳ್ಳೋಕಾಯ್ತದಾ? ಅವರಾಗಿ ಕೊಟ್ರೆ ಉಂಟು."

*

ಐಸ್‌ಲ್ಯಾಂಡಿನವರು ತಮ್ಮ ಕಡಲಿನ ಗಡಿಯನ್ನು ದೂರ ದೂರಕ್ಕೆ ಸರಿಸಿ, ಅದರೊಳಗೆ ಕಂಡ ನಮ್ಮ ಹಡಗುಗಳ ಬಲೆ ಕತ್ತರಿಸಲು ಕಾವಲು ಹಡಗು ಬಿಟ್ಟಿದ್ದ ಕಾಲ ಅದು. ಗಾರ್ತ್ ಆಗ ನೌಕಾಪಡೆಯ ಒಂದು ಯುದ್ಧಹಡಗಿನ ಕ್ಯಾಪ್ಟನ್. ಯುದ್ಧವೇನೋ ಅಲ್ಲ, ಗುಂಡು ಹಾರಿಸುವ ಹಾಗಿಲ್ಲ. ಇವರ ಬಲೆಗೂ ಅವರ ಕತ್ತರಿಗೂ ನಡುವೆ ತನ್ನ ಹಡಗನ್ನು ತಂದು ನಿಲ್ಲಿಸುವುದಷ್ಟೇ ಕೆಲಸ. ಕೇಳುವುದಕ್ಕೆ ಸುಲಭ. ಮನೆಯೆತ್ತರದ ಅಲೆಗಳ ನಡುವೆ, ಮೀಸೆಯ ಮೇಲೆ ಮಂಜು ಕಟ್ಟುವ ಚಳಿಯಲ್ಲಿ, ಅದನ್ನು ಮಾಡಿದವನಿಗೇ ಗೊತ್ತು.

ಒಂದು ಬೆಳಿಗ್ಗೆ ಕಾವಲು ಹಡಗು ಸಿಡ್‌ನ ಬಲೆಯ ಕಡೆಗೆ ನುಗ್ಗಿತು. ಗಾರ್ತ್ ಅಡ್ಡ ಬಂದ. ಎರಡು ಹಡಗೂ ಪಕ್ಕಕ್ಕೆ ಪಕ್ಕ ತಾಗಿ, ಗಾರ್ತ್‌ನ ಹಡಗಿನ ಮಗ್ಗುಲು ಪಾತ್ರೆ ತಗ್ಗಾದ ಹಾಗೆ ತಗ್ಗಾಯಿತು. ಸ್ವಲ್ಪ ಹೊತ್ತಿಗೆ ಸಿಡ್‌ನ ರೇಡಿಯೋದಲ್ಲಿ ಗಾರ್ತ್‌ನ ದನಿ ಬಂತು: "ಹಾರ್ಕರ್, ಮೀನು ಸಿಕ್ತೇನಯ್ಯಾ?" ಸಿಡ್ ಹೇಳಿದ: "ಸಿಕ್ತು ಕ್ಯಾಪ್ಟನ್ರೇ. ನಿಮ್ಮ ಪಾಲಿಂದು ಎತ್ತಿಟ್ಟಿವ್ನಿ." ಆ ಮಾತು ಹ್ಯಾವರ್ಬಿಯ ಹೆಂಡದಂಗಡಿಗಳಲ್ಲಿ ವರ್ಷಗಟ್ಟಲೆ ಓಡಾಡಿತು.

ತಗ್ಗು ಸರಿಮಾಡಿಸಲು ಹಡಗು ಹ್ಯಾವರ್ಬಿಗೇ ಬಂತು. ಮತ್ತೆ ಹೊರಡುವ ದಿನ ದಕ್ಷಿಣದಿಂದ ರೈಲು ಹತ್ತಿ ಬಂದ ವಿನಿಫ್ರೆಡ್, ನೌಕಾಪಡೆಯ ಹೆಂಡತಿಯರು ಮಾಡುವ ಹಾಗೆ, ದಕ್ಕೆಯ ತುದಿಗೆ ನಿಂತು ಕರವಸ್ತ್ರ ತೆಗೆದಳು. ಕೈ ಎತ್ತುವಷ್ಟರಲ್ಲಿ ಯಾರೋ ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು ಕೆಳಗಿಳಿಸಿದರು. ಎಡ್ನಾಳನ್ನು ಅವಳು ಮೊದಲ ಸಲ ಕಂಡದ್ದು ಹಾಗೆ.

"ಗಂಡ ಬೇಡ್ವಾ ನಿನಗೆ?" ಎಂದಳು ಎಡ್ನಾ. "ಬೇಕಾದ್ರೆ ಕೈ ಕಟ್ಕೊಂಡು ಮನೆಗೆ ನಡಿ."

ಹಾಗೆಂದು ತನ್ನ ಮನೆಗೇ ಕರೆದುಕೊಂಡು ಹೋಗಿ ಚಹಾ ಕೊಟ್ಟಳು. ಬೀದಿಗೆ ಅಡ್ಡಡ್ಡ ಕಟ್ಟಿದ್ದ ಹಗ್ಗಗಳೆಲ್ಲ ಅವತ್ತು ಬರಿದಾಗಿದ್ದವು. ಅದು ಯಾಕೆಂದು ವಿನಿಫ್ರೆಡ್‌ಗೆ ಆಮೇಲೆ ತಿಳಿಯಿತು. ನೌಕಾಪಡೆಯ ಹಡಗಿಗಾಗಿ ಗ್ಯಾನೆಟ್ ಬೀದಿ ಬಟ್ಟೆ ಒಗೆಯದೆ ಬಿಟ್ಟದ್ದು ಅದಕ್ಕೆ ಮುಂಚೆ ಯಾರೂ ಕೇಳಿದ್ದಲ್ಲ. ಅದನ್ನು ಅವಳು ಹೇಳಿದಾಗ ಗಾರ್ತ್, ಪದಕ ಬಂದಾಗಲೂ ಏನೂ ಅನ್ನದ ಮನುಷ್ಯ, ಅವಳಿಂದ ಅದನ್ನು ಇನ್ನೊಮ್ಮೆ ಹೇಳಿಸಿಕೊಂಡ.

*

ನೌಕಾಪಡೆ ಬಿಟ್ಟ ಮೇಲೆ ಹ್ಯಾವರ್ಬಿಯೇ ಅವನನ್ನು ಪಾರ್ಲಿಮೆಂಟಿಗೆ ಕಳಿಸಿತು. ಪ್ರಚಾರಕ್ಕೆಂದು ಅವನು ಮಾಡಿದ್ದು ಒಂದೇ ಭಾಷಣ, ಅದೂ ಚಿಕ್ಕದು: ನಾನು ಅಡ್ಡ ನಿಂತಿದ್ದೆ, ಇನ್ನು ಮುಂದೆಯೂ ನಿಲ್ಲುತ್ತೇನೆ. ಅಷ್ಟಕ್ಕೇ ಗೆದ್ದ. ಸಮುದ್ರ ಬಲ್ಲವನೆಂದು ಅವನನ್ನು ಮೀನುಗಾರಿಕೆಯ ಉಪಮಂತ್ರಿ ಮಾಡಿದರು. ಅಲ್ಲಿ ಅವನಿಗೆ ತಿಳಿದದ್ದು, ಹಡಗನ್ನು ಅಡ್ಡ ನಿಲ್ಲಿಸಬಹುದು, ಕಾಲವನ್ನು ನಿಲ್ಲಿಸಲಾಗದು ಎಂದು. ಒಂದೊಂದೇ ದೇಶ ತನ್ನ ಕಡಲಿಗೆ ಬೇಲಿ ಹಾಕುತ್ತಿತ್ತು. ಸಭೆಗಳಲ್ಲಿ ಅವನು ವಾದಿಸಿದ, ಕೂಗಾಡಿದ, ಎರಡು ಸಲ ಎದ್ದು ಬಂದ. ಕೊನೆಗೆ ಸರ್ಕಾರ ಐಸ್‌ಲ್ಯಾಂಡಿನ ಜತೆ ಒಪ್ಪಂದ ಮಾಡಿಕೊಂಡಿತು. ನಮ್ಮ ಹಡಗುಗಳು ಇನ್ನು ಆ ನೀರಿಗೆ ಹೋಗುವ ಹಾಗಿಲ್ಲ.

ಪತ್ರಿಕೆಯಲ್ಲಿ ಬಂದರೆ ಸಾಕು, ಊರಿಗೆ ಹೋಗುವುದು ಬೇಡ ಎಂದು ಮೇಲಿನವರು ಹೇಳಿದರು. ಜಾಣರ ಮಾತು. ಗಾರ್ತ್ ಕೇಳಲಿಲ್ಲ. ಹ್ಯಾವರ್ಬಿಯ ಮೀನುಗಾರರ ಸಭಾಂಗಣದಲ್ಲಿ ನಿಂತು, ತಾನೇ ತನ್ನ ಬಾಯಿಂದ ಹೇಳಿದ. ಯಾರೂ ಕೂಗಲಿಲ್ಲ. ಹಿಂದಿನ ಸಾಲಿನಿಂದ ಎಡ್ನಾ ಎದ್ದಳು. ಅವಳ ಗಂಡ ಜ್ಯಾಕ್ ಹದಿನೈದನೆಯ ವಯಸ್ಸಿನಿಂದ ಮೀನು ಹಿಡಿಯುವುದು ಬಿಟ್ಟು ಬೇರೆ ಕೆಲಸ ಕಂಡವನಲ್ಲ; ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದ.

"ಈಗ ನಿಮ್ಮ ಹಡಗು ಎಲ್ಲಿ ನಿಂತದೆ, ಮಂತ್ರಿಗಳೇ?" ಎಂದಳು.

ಅಷ್ಟು ದಿನ ಕ್ಯಾಪ್ಟನ್ರೇ ಎನ್ನುತ್ತಿದ್ದವಳು.

ಮರುದಿನ ಬೆಳಿಗ್ಗೆ ರೈಲು ನಿಲ್ದಾಣಕ್ಕೆಂದು ಗಂಡ ಹೆಂಡತಿ ಗ್ಯಾನೆಟ್ ಬೀದಿಯಲ್ಲಿ ನಡೆದು ಬಂದರು. ಅದು ಸೋಮವಾರವಾಗಿರಲಿಲ್ಲ. ಆದರೂ ಹಗ್ಗಗಳೆಲ್ಲ ತುಂಬಿದ್ದವು. ಒಗೆಯಲು ಏನೂ ಇಲ್ಲದವರು ಬೀರುವಿನಿಂದ ಮಡಿಸಿಟ್ಟ ದುಪ್ಪಟಿಗಳನ್ನು ತೆಗೆದು, ನೀರಿನಲ್ಲಿ ಅದ್ದಿ, ಹಿಂಡದೆ ಹಾಗೇ ಹರವಿದ್ದರು. ಈ ತುದಿಯಿಂದ ಆ ತುದಿಯವರೆಗೆ ಬಿಳಿ. ಗಾರ್ತ್‌ಗೆ ಅರ್ಥವಾಯಿತು, ತೊಳೆದುಹೋಗು, ಮತ್ತೆ ಬರಬೇಡ. ಅವನು ಟೊಪ್ಪಿಗೆ ಕೈಯಲ್ಲಿ ಹಿಡಿದು, ಒಂದೊಂದು ದುಪ್ಪಟಿಗೂ ಬಗ್ಗುತ್ತ, ನೆತ್ತಿಯ ಮೇಲೆ ತೊಟ್ಟಿಕ್ಕಿದ ನೀರನ್ನು ಒರೆಸಿಕೊಳ್ಳದೆ ಬೀದಿ ದಾಟಿದ. ಎಡ್ನಾಳ ಬಾಗಿಲು ಮುಚ್ಚಿತ್ತು.

ಮುಂದಿನ ವಾರ ಮಂತ್ರಿಗಿರಿ ಬಿಟ್ಟ. ಚುನಾವಣೆಗೆ ಮತ್ತೆ ನಿಲ್ಲಲಿಲ್ಲ. ಆದರೆ ಊರು ಬಿಡಲಿಲ್ಲ, ಅದೇ ವಿಚಿತ್ರ. ಗುಡ್ಡದ ಮೇಲೊಂದು ಚಿಕ್ಕ ಮನೆ ಕೊಂಡು, ಬೇರೆಲ್ಲಿಗಾದರೂ ಹೋಗೋಣವೆಂದು ವಿನಿಫ್ರೆಡ್ ಎಷ್ಟು ಗೋಗರೆದರೂ ಅಲ್ಲೇ ಉಳಿದ. ಟೊಮೇಟೊ ಬೆಳೆದ, ಚೆನ್ನಾಗಿ ಬರಲಿಲ್ಲ. ಶುಕ್ರವಾರ ಸಿಡ್‌ನ ಗಾಡಿಯಿಂದ ಮೀನು ತಂದ. ಬೆಳಿಗ್ಗೆ ಖಾಲಿ ಬಂದರಿನವರೆಗೆ ನಡೆದು ಬರುತ್ತಿದ್ದ, ಆದರೆ ಯಾವಾಗಲೂ ಸುತ್ತುದಾರಿಯಲ್ಲಿ. ಹಳೆಯ ಮೀನುಗಾರರಲ್ಲಿ ಯಾರೇ ಸತ್ತರೂ ಹೋಗುತ್ತಿದ್ದ. ಚರ್ಚಿನ ಗೇಟಿನ ಹೊರಗೆ ನಿಲ್ಲುತ್ತಿದ್ದ, ಒಳಗೆ ಕಾಲಿಡುತ್ತಿರಲಿಲ್ಲ. ಬಾ ಎಂದು ಯಾರೂ ಕರೆಯಲಿಲ್ಲ. ಕೆಲಸವಿಲ್ಲದೆ ಕುರ್ಚಿಯಲ್ಲಿ ಕೂತು ಕೂತೇ ಸವೆದುಹೋದ ಜ್ಯಾಕ್ ಪ್ರಾಕ್ಟರ್‌ನನ್ನು ಮಣ್ಣು ಮಾಡಿದ ದಿನ ಆಲಿಕಲ್ಲು ಸುರಿಯುತ್ತಿತ್ತು. ಗಾರ್ತ್ ಗೇಟಿನ ಹೊರಗೆ ಬರಿ ತಲೆಯಲ್ಲಿ ನಿಂತಿದ್ದ. ಹೊರಬಂದ ಎಡ್ನಾ ಒಂದು ಗಳಿಗೆ ನಿಂತು ಅವನನ್ನು ನೋಡಿದಳು. ಆಮೇಲೆ ತನ್ನ ದಾರಿ ಹಿಡಿದಳು.

"ಯಾಕೆ ಹೋಗ್ತೀರಿ, ಮೈ ನೆನೆಸ್ಕೊಳ್ಳೋಕಾ?" ಎಂದು ಅವತ್ತು ವಿನಿಫ್ರೆಡ್ ಸಿಟ್ಟಿನಿಂದ ಅವನ ಕೋಟನ್ನು ಒಲೆಯ ಮುಂದೆ ಹರವಿದ್ದಳು.

"ನಿಲ್ತೀನಿ ಅಂದಿದ್ದೆ ಅಲ್ವಾ," ಎಂದಿದ್ದ ಗಾರ್ತ್.

*

ಗ್ಯಾನೆಟ್ ಬೀದಿಯ ತಿರುವಿನಲ್ಲಿ ಕಾರುಗಳು ನಿಂತವು. ಕ್ಲೆಗ್ ಇಳಿದು, ಟೊಪ್ಪಿಗೆಯನ್ನು ಎದೆಗಿಟ್ಟುಕೊಂಡು ಪೆಟ್ಟಿಗೆಯ ಕಾರಿನ ಮುಂದೆ ನಡೆಯತೊಡಗಿದ. ವಿನಿಫ್ರೆಡ್ ಕಣ್ಣು ಮುಚ್ಚಿಕೊಂಡಿದ್ದಳು.

"ಅಮ್ಮ," ಎಂದಳು ರೋಸಲಿಂಡ್. "ಅಮ್ಮ, ನೋಡು."

ಹಗ್ಗಗಳು ಖಾಲಿ. ಮನೆಯಿಂದ ಮನೆಗೆ ಅಡ್ಡಡ್ಡ ಹಾದ ಬರಿ ಹಗ್ಗಗಳ ಮೇಲೆ ಮರದ ಕ್ಲಿಪ್ಪುಗಳು ಗಾಳಿಗೆ ಅಲುಗುತ್ತಿದ್ದವು. ಅಷ್ಟು ಒಳ್ಳೆಯ ಗಾಳಿ, ಅಷ್ಟು ಒಳ್ಳೆಯ ಬಿಸಿಲು, ಒಂದು ಕರವಸ್ತ್ರವೂ ಇಲ್ಲ. ಹೆಂಗಸರು ತಮ್ಮ ತಮ್ಮ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು. ಸಿಡ್ ಹಾರ್ಕರ್ ಮುಖವನ್ನು ಆಚೆ ತಿರುಗಿಸಿಕೊಂಡು, ಅಳುವಿಗೆ ನಾಚಿ, ಮೂಗು ಒರೆಸಿಕೊಂಡ.

ಬೀದಿ ಮುಗಿಯುವ ಹತ್ತಿರ ಕ್ಲೆಗ್ ನಿಂತುಬಿಟ್ಟ. ಕೊನೆಯ ಹಗ್ಗದಲ್ಲಿ ಮೂರು ಬಿಳಿ ದುಪ್ಪಟಿಗಳು ಹೊಟ್ಟೆಯುಬ್ಬಿಸಿಕೊಂಡು ಹಾರುತ್ತಿದ್ದವು. ಈಗಷ್ಟೇ ಹಾಕಿದ್ದು, ಇನ್ನೂ ನೀರು ಇಳಿಯುತ್ತಿತ್ತು. ಆ ಮನೆಗೆ ಬಂದಿದ್ದವರು ದೂರದ ಊರಿನ ಎಳೆಯ ದಂಪತಿ. ಅವರಿಗೆ ಇದೆಲ್ಲ ಏನು ಗೊತ್ತು? ಪೆಟ್ಟಿಗೆಯ ಕಾರು ಅದರ ಕೆಳಗೆ ಹಾದರೆ ಒದ್ದೆ ಬಟ್ಟೆ ಮೈಮೇಲೆ ಸವರಿಕೊಂಡೇ ಹೋಗಬೇಕು. ವಿನಿಫ್ರೆಡ್ ಮುಂದಿನ ಸೀಟಿನ ಬೆನ್ನನ್ನು ಹಿಡಿದುಕೊಂಡಳು.

ಎದುರು ಮನೆಯ ಬಾಗಿಲಿನಿಂದ ಎಡ್ನಾ ಇಳಿದು ಬಂದಳು. ಸೊಂಟ ಬಾಗಿತ್ತು, ಕಾಲಲ್ಲಿ ಮನೆಯ ಚಪ್ಪಲಿ. ಮೈಮೇಲೆ ಮಾತ್ರ ಸಾವಿನ ಮನೆಗಳಿಗೆಂದೇ ಇಟ್ಟುಕೊಂಡಿದ್ದ ಕಪ್ಪು ಕೋಟು, ಗುಂಡಿಯೆಲ್ಲ ಹಾಕಿ. ಅವಳು ಗೋಡೆಯ ಮೊಳೆಯಿಂದ ಹಗ್ಗ ಬಿಚ್ಚಿ ತಗ್ಗಿಸಿ, ದುಪ್ಪಟಿಗಳನ್ನು ಒಂದೊಂದಾಗಿ ಎಳೆದು ತೋಳಿಗೆ ಹಾಕಿಕೊಳ್ಳತೊಡಗಿದಳು. ಎಳೆಯ ಹೆಂಗಸು ಒಳಗಿನಿಂದ ಓಡಿಬಂದಳು.

"ಏನಜ್ಜಿ ಇದು? ಅದು ನನ್ನ ಬಟ್ಟೆ."

"ಗೊತ್ತು ಕಣವ್ವ. ನಾಳೆ ನಾನೇ ಒಗೆದು ಕೊಡ್ತೀನಿ."

"ನಾಳೆ ಯಾಕೆ? ಇವತ್ತೇನಾಗಿದೆ?"

ಎಡ್ನಾ ಪೆಟ್ಟಿಗೆಯ ಕಡೆ ತಿರುಗಲಿಲ್ಲ. ಕೊನೆಯ ದುಪ್ಪಟಿಯ ಕ್ಲಿಪ್ಪು ತೆಗೆಯುತ್ತಲೇ ಹೇಳಿದಳು.

"ಇವತ್ತು ನಮ್ಮೋನೊಬ್ಬ ಸಮುದ್ರಕ್ಕೆ ಹೊರಟವ್ನೆ."

ಕ್ಲೆಗ್ ನಡೆದ. ಕಾರು ನಿಧಾನವಾಗಿ ಅವಳ ಪಕ್ಕದಲ್ಲೇ ಹಾದುಹೋಯಿತು, ಅದರ ಹಿಂದೆ ಇವರ ಕಾರು. ವಿನಿಫ್ರೆಡ್‌ಳ ಕೈ ತಾನಾಗಿ ಕಿಟಕಿಯವರೆಗೆ ಎದ್ದಿತು. ಗಾಜಿನಾಚೆ ಎಡ್ನಾ ಅದನ್ನು ಕಂಡು, ಬೇಡವೆಂಬಂತೆ ತಲೆ ಅಲ್ಲಾಡಿಸಿದಳು. ವಿನಿಫ್ರೆಡ್ ಕೈಯನ್ನು ಮಡಿಲಿಗಿಳಿಸಿ ಇನ್ನೊಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

ಎಡ್ನಾ ಬೀದಿಯ ಅಂಚಿನಲ್ಲಿ ಹಾಗೇ ನಿಂತಿದ್ದಳು. ತೋಳಿನ ತುಂಬ ಒದ್ದೆ ದುಪ್ಪಟಿಗಳು, ಅವುಗಳ ನೀರು ಅವಳ ಒಳ್ಳೆಯ ಕೋಟಿನ ಮೇಲಿಂದ ಇಳಿದು ಚಪ್ಪಲಿ ನೆನೆಸುತ್ತಿತ್ತು.