ಹತ್ತಡಿ ಕೋಣೆಗೆ ಎರಡು ಸ್ಪೀಕರ್

ಸ್ಪೀಕರ್ ಕೊಳ್ಳುವವರೆಲ್ಲ ಮೊದಲು ಅಂಗಡಿಗೆ ಓಡುತ್ತಾರೆ. ಅದೇ ತಪ್ಪು. ಮೊದಲು ಮನೆಯಲ್ಲಿ, ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ಹೊಡೆಯಬೇಕು. ಸದ್ದು ಎಲ್ಲಿ ಹೋಗಿ ಕೂರುತ್ತದೆ ಅಂತ ಕಿವಿಗೊಟ್ಟು ಕೇಳಬೇಕು. ನಲವತ್ತೊಂದು ವರ್ಷ ರೇಡಿಯೊ, ಟೇಪ್‌ರೆಕಾರ್ಡರ್ ರಿಪೇರಿ ಮಾಡಿದವನು ಹೇಳುತ್ತಿದ್ದೇನೆ, ಬೇಕಾದರೆ ಕೇಳಿ. ಬೇಡದಿದ್ದರೆ ದುಡ್ಡೂ ನಿಮ್ಮದು, ಗೋಡೆಯೂ ನಿಮ್ಮದು.

ಅಕ್ಕನ ಮನೆಯಲ್ಲಿ ಚಪ್ಪಾಳೆ ಹೊಡೆದಾಗ ಸದ್ದು ಬಟ್ಟೆ ಬೀರುವಿನ ಮೂಲೆಗೆ ಹೋಗಿ ಕೂತಿತು. ಮೂರನೇ ಮಹಡಿಯ ಮನೆ. ಹತ್ತಡಿಗೆ ಹನ್ನೊಂದಡಿಯ ಒಂದೇ ಕೋಣೆ, ಒಂದು ಅಡುಗೆಮನೆ, ಬಗ್ಗಿದರೆ ತಲೆಯೋ ಬೆನ್ನೋ ಗೋಡೆಗೆ ತಾಗುವ ಬಚ್ಚಲು. ಬಾವ ತೀರಿಕೊಂಡು ಐದು ತಿಂಗಳಾಗಿತ್ತು. ಅವರು ಶಾಲೆಯೊಂದರಲ್ಲಿ ಗುಮಾಸ್ತರು; ಸಂಜೆ ಹೊತ್ತು ಅಂಧ ಮಕ್ಕಳಿಗಾಗಿ ಪಾಠಪುಸ್ತಕಗಳನ್ನು ಓದಿ ಕ್ಯಾಸೆಟ್ಟಿಗೆ ತುಂಬುತ್ತಿದ್ದರು. ಅರವತ್ತೆರಡು ಕ್ಯಾಸೆಟ್ಟು. ಹೆಚ್ಚಿನವು ಭೂಗೋಳ. ಅಕ್ಕನ ಹಳೆಯ ಟೇಪ್‌ರೆಕಾರ್ಡರ್ ಡಬ್ಬಿಯಲ್ಲಿ ಅವನ್ನು ಹಾಕಿದರೆ ಬಾವ ಬಾವಿಯೊಳಗೆ ಬಿದ್ದು ಪಾಠ ಹೇಳಿದ ಹಾಗೆ ಕೇಳುತ್ತಿತ್ತು.

ಅಕ್ಕನದು ಒಂದೇ ಷರತ್ತು. "ಅವರು ಉಸಿರು ತಗೊಳ್ಳೋದು ಕೇಳ್ಬೇಕು ಕಣೋ. ಉಳಿದಿದ್ದು ನಿನ್ನಿಷ್ಟ."

ಅಂಗಡಿಗೆ ಹೋದೆವು. ಅಂಗಡಿಯವನು ಸೊಂಟದೆತ್ತರದ ಜೋಡಿ ಸ್ಪೀಕರುಗಳ ಮುಂದೆ ನಮ್ಮನ್ನು ನಿಲ್ಲಿಸಿದ. ಅಕ್ಕ ಅವುಗಳ ನೆತ್ತಿ ಸವರಿ, ಎಷ್ಟು ಲಕ್ಷಣವಾಗಿವೆ ನೋಡು ಎಂದಳು. ಲಕ್ಷಣವೇನೋ ಸರಿ, ಇವನ್ನು ನಿನ್ನ ಕೋಣೆಯಲ್ಲಿಟ್ಟರೆ ಮಲಗಲು ನೀನು ಮೆಟ್ಟಿಲಿಗೆ ಹೋಗಬೇಕು ಎಂದೆ. ಸಣ್ಣ ಕೋಣೆಯಲ್ಲಿ ದಪ್ಪ ಸ್ವರಗಳು ಮೂಲೆ ಸೇರಿ ಗುಡುಗುತ್ತವೆ, ಮಾತು ಅದರಡಿ ಮುಚ್ಚಿಹೋಗುತ್ತದೆ. ಬೆನ್ನಲ್ಲಿ ತೂತಿರುವ ಪೆಟ್ಟಿಗೆಗಳೂ ಬೇಡ, ಅವುಗಳ ಹಿಂದೆ ಮೊಳ ಜಾಗ ಬಿಡಬೇಕು; ಅಕ್ಕನ ಮನೆಯಲ್ಲಿ ಗೇಣಿಗೂ ಗತಿಯಿಲ್ಲ. ಪುಸ್ತಕದ ಕಪಾಟಿನ ಮೇಲೆ ಕೂರುವಂಥ, ಎಲ್ಲ ಕಡೆ ಮುಚ್ಚಿದ ಪುಟ್ಟ ಜೋಡಿ ಆರಿಸಿದೆ. ಆಂಪ್ಲಿಫೈಯರ್ ನೂರು ವ್ಯಾಟಿನದು ತಗೊಳ್ಳಿ ಎಂದು ಅಂಗಡಿಯವನು ಹಟ ಹಿಡಿದ. ಇಪ್ಪತ್ತು ಸಾಕಯ್ಯ, ಪಕ್ಕದ ಮನೆಯವರನ್ನೂ ಭೂಗೋಳದಲ್ಲಿ ಪಾಸು ಮಾಡಿಸಬೇಕಾಗಿಲ್ಲ ಎಂದೆ. ಅಕ್ಕ ನಕ್ಕಳು. ಐದು ತಿಂಗಳಲ್ಲಿ ಮೊದಲ ನಗು ಅದು.

ಜೋಡಿಸುವಾಗ ನಾನು ತಪ್ಪು ಮಾಡಿದೆ. ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಉಂಟು. ತಂತಿ ಸಿಕ್ಕಿಸಿದ ಮೇಲೆ ಒಬ್ಬರೇ ಮಾತಾಡುವ ಕ್ಯಾಸೆಟ್ ಹಾಕಿ, ಎದುರು ಕುರ್ಚಿಯಲ್ಲಿ ಕೂತು ಕೇಳಬೇಕು. ಎರಡು ಪೆಟ್ಟಿಗೆಗಳ ನಟ್ಟನಡುವೆ ಆ ಮನುಷ್ಯ ನಿಂತ ಹಾಗೆ ಕೇಳಿದರೆ ಸರಿ. ಕೆಂಪು ಗೀಟಿನ ತಂತಿ ಒಂದು ಕಡೆ ಕಪ್ಪಿನದರ ಜೊತೆ ಅದಲುಬದಲಾಗಿದ್ದರೆ ಮನುಷ್ಯ ನಡುವೆ ನಿಲ್ಲುವುದಿಲ್ಲ. ದನಿ ಕೋಣೆ ತುಂಬ ಚೆಲ್ಲುತ್ತದೆ, ಬೆನ್ನ ಹಿಂದಿನಿಂದ ಬಂದ ಹಾಗೂ ಆಗುತ್ತದೆ. ಸಾವಿರ ಮನೆಗಳಲ್ಲಿ ಮಾಡಿದ ಪರೀಕ್ಷೆಯನ್ನು ಅಕ್ಕನ ಮನೆಯಲ್ಲಿ ಮಾಡಲಿಲ್ಲ. ಅಲ್ಲಿದ್ದ ಕ್ಯಾಸೆಟ್ಟೆಲ್ಲ ಬಾವನವು. ಕೇಳುವ ಧೈರ್ಯ ನನಗಿರಲಿಲ್ಲ. ಕತ್ತಲ ಮೂಲೆಯಲ್ಲಿ ಕನ್ನಡಕವಿಲ್ಲದೆ ತಂತಿ ತುರುಕಿ, ಕೆಲಸವಿದೆ ಎಂದು ಸುಳ್ಳು ಹೇಳಿ ಮೆಟ್ಟಿಲಿಳಿದೆ.

ಮೂರು ವಾರದ ಮೇಲೆ, ಬೇರೆ ಊರಿನಲ್ಲಿರುವ ಅಕ್ಕನ ಮಗಳ ಫೋನು. ಅಮ್ಮ ಹನ್ನೊಂದು ದಿನದಿಂದ ಕೆಲಸಕ್ಕೆ ಹೋಗಿಲ್ಲವಂತೆ. ಅಕ್ಕ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವವಳು. ಕೈಗೆ ಸೂಜಿದಾರ ಸಿಕ್ಕರೆ ಊಟ ಮರೆಯುವ ಹೆಂಗಸು. ಸೋಮವಾರ ಬರದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇವೆ ಎಂದು ಅಲ್ಲಿಂದ ಹೇಳಿಕಳಿಸಿದ್ದರಂತೆ. ಆ ಕೆಲಸವೂ ಹೋದರೆ ಅಕ್ಕ ಆ ಕೋಣೆಯಿಂದ ಮತ್ತೆ ಹೊರಗೆ ಬರುವವಳಲ್ಲ ಅನ್ನುವುದು ಮಗಳಿಗೂ ಗೊತ್ತು, ನನಗೂ ಗೊತ್ತು.

"ಮಾವ, ಅಪ್ಪ ಬೆನ್ನ ಹಿಂದೆ ಕೂತು ಓದ್ತಾರೆ ಅಂತಾಳೆ," ಎಂದಳು ಹುಡುಗಿ.

ನಿಜ ಹೇಳಲೇ, ನನಗೆ ಜೀವ ಬಂದಂತಾಯಿತು. ಇದು ದೆವ್ವವಲ್ಲ, ನನ್ನ ಕೆಂಪು ಗೀಟು. ಎರಡು ನಿಮಿಷದ ಕೆಲಸ, ಸೋಮವಾರ ನಿಮ್ಮಮ್ಮ ಗ್ರಂಥಾಲಯದಲ್ಲಿರುತ್ತಾಳೆ ಎಂದು ಜಂಬದಿಂದ ಹೇಳಿ ಫೋನಿಟ್ಟೆ.

ಭಾನುವಾರ ಮಧ್ಯಾಹ್ನ ಹೋದೆ. ಕಿಟಕಿ ತೆರೆದಿತ್ತು, ಬಿಸಿಲು ಮಂಚದ ತನಕ ಬಂದಿತ್ತು. ಅಕ್ಕ ಕುರ್ಚಿ ಬಿಟ್ಟುಕೊಟ್ಟು ಮಂಚದ ಮೇಲೆ ಕೂತಳು. ಕ್ಯಾಸೆಟ್ ಓಡುತ್ತಿತ್ತು. ಸಮುದ್ರದ ನೀರು ಏಕೆ ಉಪ್ಪು ಅನ್ನುವ ಪಾಠ. ಬಾವನ ದನಿ ನನ್ನ ಎಡಭುಜದ ಹಿಂದಿನಿಂದ, ಬೀರುವಿನ ಪಕ್ಕದಿಂದ ಬರುತ್ತಿತ್ತು. ವಾಕ್ಯ ಮುಗಿದಾಗ ಮೂಗಿನಲ್ಲಿ ಉಸಿರೆಳೆದುಕೊಂಡರು. ನನ್ನ ಕತ್ತಿನ ಕೂದಲು ನಿಮಿರಿತು.

ನೋಡಿದೆಯಾ, ತಂತಿ ತಪ್ಪಾಗಿದೆ ಅಷ್ಟೇ ಎನ್ನುತ್ತ ಎದ್ದು, ಕನ್ನಡಕ ಹಾಕಿಕೊಂಡು, ಕಪಾಟಿನ ಹಿಂದೆ ಟಾರ್ಚು ಬಿಟ್ಟೆ.

ಕೆಂಪು ಕೆಂಪಿಗೇ ಇತ್ತು. ಕಪ್ಪು ಕಪ್ಪಿಗೇ ಇತ್ತು. ಎರಡೂ ಕಡೆ.

"ಅದನ್ನ ಮೂರನೇ ದಿನಾನೇ ಸರಿ ಮಾಡ್ದೆ," ಎಂದಳು ಅಕ್ಕ. "ಅವರ ಮಾತೆಲ್ಲ ಕೋಣೆ ತುಂಬಾ ಚೆಲ್ಲಾಪಿಲ್ಲಿಯಾಗಿತ್ತು. ಬುಕ್ಕಿಗೆ ಹೊಲಿಗೆ ಹಾಕೋಳಿಗೆ ಎರಡು ಬಣ್ಣ ಗೊತ್ತಾಗಲ್ವೇನೋ? ಸರಿ ಮಾಡಿದ್ಮೇಲೆ ಅವರು ಅಲ್ಲಿ ಬಂದು ಕೂತಿದ್ದು."

ಕಸುಬಿನವನ ಬುದ್ಧಿ ಸುಮ್ಮನಿರುತ್ತದೆಯೇ. ಒಂದು ಸ್ಪೀಕರಿನ ತಂತಿ ಕಿತ್ತೆ. ದನಿ ಬೀರುವಿನ ಹತ್ತಿರವೇ ಇತ್ತು. ಉಳಿದ ಸ್ಪೀಕರಿಗೆ ದಿಂಬು ಒತ್ತಿ ಹಿಡಿದೆ. ಬೀರುವಿನ ಹತ್ತಿರದಿಂದ ಬಾವ ನದಿಗಳು ಲವಣವನ್ನು ಹೊತ್ತು ತರುತ್ತವೆ ಎಂದರು. ದಿಂಬು ತೆಗೆದು, ತಂತಿಯನ್ನು ಮೊದಲಿನಂತೆ ಸಿಕ್ಕಿಸಿ, ಮಂಚದ ತುದಿಯಲ್ಲಿ ಕೂತೆ.

ನಾಳೆ ಇದನ್ನು ಆಫ್ ಮಾಡಿ ಕೆಲಸಕ್ಕೆ ಹೋಗು ಎಂದೆ.

"ಓದ್ತಿರೋರ ಬಾಯಿ ಮುಚ್ಚಲಾ?"

ಹಾಗಾದರೆ ಹಾಕಿಟ್ಟೇ ಹೋಗು ಎಂದೆ.

ಅಕ್ಕ ಸೆರಗಿನ ಅಂಚು ಮಡಿಸುತ್ತ ಹೇಳಿದಳು. "ಆಸ್ಪತ್ರೇಲಿ ಒಂದು ಲೋಟ ಟೀ ಕುಡಿಯೋಕೆ ಅಂತ ಕೆಳಗೆ ಹೋದೆ. ಬರೋ ಅಷ್ಟರಲ್ಲಿ ಹೋಗಿದ್ರು. ಇನ್ನೊಂದ್ಸಲ ಅವರನ್ನ ಒಬ್ಬರನ್ನೇ ಬಿಟ್ಟು ಹೋಗಲ್ಲ ಕಣೋ. ಕೆಲಸ ಹೋದ್ರೆ ಹೋಗ್ಲಿ."

ನನಗೆ ತಂತಿ ಗೊತ್ತು, ಬೆಸುಗೆ ಗೊತ್ತು, ಇದಕ್ಕೇನು ಮಾಡಬೇಕೆಂದು ಗೊತ್ತಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ನಾನು ಕೂತಿರ್ತೀನಿ. ನೀನು ಹೋಗ್ಬಾ."

ಅವಳು ನನ್ನ ಮುಖ ನೋಡಿದಳು. ಆಮೇಲೆ ಬೀರುವಿನ ಕಡೆ ನೋಡಿದಳು, ಕೇಳಿ ಒಪ್ಪಿಗೆ ಪಡೆಯುವವಳ ಹಾಗೆ. "ತೂಕಡಿಸ್ಬೇಡ ಮತ್ತೆ. ಅವರಿಗೆ ಬೇಜಾರಾಗತ್ತೆ," ಎಂದಳು.

ಸೋಮವಾರ ಒಂಬತ್ತೂವರೆಗೆ ಅಕ್ಕ ಸೂಜಿಡಬ್ಬಿ ಹಿಡಿದು ಮೆಟ್ಟಿಲಿಳಿದಳು. ಅವತ್ತಿನಿಂದ ರಜಾದಿನ ಬಿಟ್ಟು ಪ್ರತಿದಿನ ಹತ್ತರಿಂದ ಐದರವರೆಗೆ ಆ ಕುರ್ಚಿಯಲ್ಲಿ ಕೂರುವವನು ನಾನೇ. ಅರ್ಧ ಗಂಟೆಗೊಮ್ಮೆ ಕ್ಯಾಸೆಟ್ ಮಗುಚಿ ಹಾಕುತ್ತೇನೆ. ಈ ವಯಸ್ಸಿನಲ್ಲಿ ಒಂಬತ್ತನೇ ತರಗತಿಯ ಭೂಗೋಳ ಬಾಯಿಪಾಠವಾಗಿದೆ, ಜ್ವಾಲಾಮುಖಿ ಎಷ್ಟು ವಿಧ ಅಂತ ಬೇಕಾದರೆ ಕೇಳಿ. ಅಕ್ಕ ಸಂಜೆ ಅಂಟಿನ ವಾಸನೆ ಹೊತ್ತು ಬಂದು, ಇವತ್ತು ಎಲ್ಲಿಯವರೆಗೆ ಓದಿದರು ಎಂದು ವಿಚಾರಿಸುತ್ತಾಳೆ. ಮೈಯಲ್ಲಿ ಸ್ವಲ್ಪ ಮಾಂಸ ಕಾಣುತ್ತಿದೆ.

ನಾನು ಮಾತ್ರ ಇವತ್ತಿನವರೆಗೂ ಹಿಂತಿರುಗಿ ನೋಡಿಲ್ಲ. ಹೆದರಿಕೆ ಇಲ್ಲವೆಂದಲ್ಲ. ಆದರೆ ಬಾವ ಸಂಕೋಚದ ಮನುಷ್ಯ, ಓದುವಾಗ ಯಾರಾದರೂ ಮುಖ ನೋಡಿದರೆ ತೊದಲುತ್ತಿದ್ದರು.