ತಾನು ಕೆಮ್ಮದ ಕಂಪ್ಯೂಟರು

ನಮ್ಮತ್ತೆಯ ಪ್ರಿಂಟಿಂಗ್ ಅಂಗಡಿಯ ಕಂಪ್ಯೂಟರಿಗೆ ವೈರಸ್ ಬರುವುದಿಲ್ಲ. ಈ ಮಾತಿಗಾಗಿ ಬೀದಿಯಲ್ಲಿ ನಾನು ಕಿತ್ತಾಡದ ಜನ ಉಳಿದಿಲ್ಲ. ಪಕ್ಕದ ಸ್ಟುಡಿಯೋದ ಫೋಟೋದವನು ಆಗಾಗ ತಲೆಮೇಲೆ ಕೈಹೊತ್ತು ಕೂರುತ್ತಾನೆ. ನಮ್ಮದು ಮಾತ್ರ ಗುಂಡುಕಲ್ಲು. ಯಾಕೆಂದರೆ ಎಲ್ಲರೂ ಹಾಕಿಕೊಳ್ಳುವ ಸಿಸ್ಟಮ್ಮನ್ನು ಕಿತ್ತೆಸೆದು ನಾನು ಅದರಲ್ಲಿ ಲಿನಕ್ಸ್ ಎಂಬ ಬೇರೆ ಸಿಸ್ಟಮ್ ಹಾಕಿದ್ದೇನೆ.

ಹೀಗಿರುವಾಗ ಶಾಲೆಯ ಹೆಡ್‌ಮೇಡಂ ಬೆಳ್ಳಂಬೆಳಗ್ಗೆ ಬಂದು, ಪೆನ್‌ಡ್ರೈವನ್ನು ಕೌಂಟರಿನ ಮೇಲೆ ಕುಕ್ಕಿ, "ನಿಮ್ಮಂಗಡಿ ರೋಗ ನಮ್ಮ ಶಾಲೆಗೆ ಅಂಟಿದೆ" ಅಂದರೆ ನೆತ್ತಿ ಸುಡದೆ ಇರುತ್ತದೆಯೇ?

ಆ ಪೆನ್‌ಡ್ರೈವಿನಲ್ಲಿದ್ದುದು ಶಾಲೆಯ ವಾರ್ಷಿಕ ಸಂಚಿಕೆ. ಮಕ್ಕಳ ಕತೆ, ಕವನ, ಚಿತ್ರ, ಎಲ್ಲ. ಪ್ರತಿವರ್ಷವೂ ಅಚ್ಚಾಗುವುದು ನಮ್ಮಲ್ಲೇ. ಶಾಲೆಗೆ ರಜೆ ಬಂದರೆ ನಮ್ಮ ಬೀದಿಯಲ್ಲಿ ನೊಣ ಹೊಡೆಯುವುದೇ ಕೆಲಸ. ಆ ತಿಂಗಳುಗಳಲ್ಲಿ ಅತ್ತೆಯ ಒಲೆ ಉರಿಯುವುದು ಈ ಒಂದು ಸಂಚಿಕೆಯ ಬಲದಿಂದ.

"ಮೊನ್ನೆ ಕವರ್ ತೋರಿಸೋಕೆ ಇಲ್ಲಿಗೆ ತಂದೆ" ಅಂದರು ಹೆಡ್‌ಮೇಡಂ. "ವಾಪಸ್ ಹೋಗಿ ಆಫೀಸಲ್ಲಿ ಹಾಕಿ ಒಂದೆರಡು ಫೈಲ್ ತೆರೆದೆ, ಆಮೇಲೆ ನೋಡಿದ್ರೆ ಒಂದು ಫೋಲ್ಡರೂ ಇಲ್ಲ. ಆಫೀಸಿನ ಕಂಪ್ಯೂಟರೂ ಮಲಗಿದೆ, ಲ್ಯಾಬಿನವೂ ಮಲಗಿವೆ. ಸಂಚಿಕೆ ಎದುರಿನ ಹೊಸ ಪ್ರೆಸ್ಸಿಗೆ ಕೊಡ್ತೀನಿ. ಅದೂ ಏನಾದ್ರೂ ಉಳಿದಿದ್ರೆ."

"ನಮ್ಮಿಂದ ಸಾಧ್ಯಾನೇ ಇಲ್ಲ ಮೇಡಂ!" ಅಂದೆ. "ಜೇಬುಗಳ್ಳ ಖಾಲಿ ಬಸ್ ಹತ್ತಲ್ಲ, ಅವನಿಗೆ ನೂಕುನುಗ್ಗಲೇ ಬೇಕು. ವೈರಸ್ ಬರೆಯೋ ನೀಚನೂ ಅಷ್ಟೇ. ಲೋಕವೆಲ್ಲ ತುಂಬಿರೋ ಸಿಸ್ಟಮ್ಮಿಗೇ ಬರೀತಾನೆ. ನಮ್ಮ ಬಸ್ಸಲ್ಲಿರೋದು ನಾಲ್ಕು ಮತ್ತೊಂದು ಜನ. ಮೇಲಾಗಿ ಇಲ್ಲಿ ಪಾಸ್‌ವರ್ಡ್ ಕೊಡದೆ ಯಾವ ಪ್ರೋಗ್ರಾಮೂ ಸಿಸ್ಟಮ್ಮಿಗೆ ಕೈ ಹಾಕೋ ಹಾಗಿಲ್ಲ."

"ಪಾಠ ಚೆನ್ನಾಗಿ ಒಪ್ಪಿಸ್ತೀಯ. ಒಂಬತ್ತನೇ ಕ್ಲಾಸಲ್ಲೂ ಹೀಗೇ ಒಪ್ಪಿಸಿದ್ರೆ ಅರ್ಧಕ್ಕೆ ಎದ್ದು ಹೋಗೋ ಗತಿ ಬರ್ತಿರಲಿಲ್ಲ."

ಹಿಂದೆ ಪೇಪರ್ ಕತ್ತರಿಸುತ್ತಿದ್ದ ಅತ್ತೆ ಕಿಸಕ್ಕನೆ ನಕ್ಕಳು. ನಾನು ಪೆನ್‌ಡ್ರೈವನ್ನು ನಮ್ಮ ಕಂಪ್ಯೂಟರಿಗೆ ಚುಚ್ಚಿದೆ. ಕತೆ, ಕವನ, ಚಿತ್ರ, ಎಲ್ಲ ಫೋಲ್ಡರೂ ತೆಪ್ಪಗೆ ಸಾಲಾಗಿ ಕೂತಿದ್ದವು.

"ಅಯ್ಯೋ, ಎಲ್ಲ ಇದೆಯಲ್ಲೋ!" ಹೆಡ್‌ಮೇಡಂ ಸ್ಟೂಲಿನ ಮೇಲೆ ಕುಸಿದರು.

"ವೈರಸ್ ಅಳಿಸಿಲ್ಲ, ಬಚ್ಚಿಟ್ಟಿದೆ ಅಷ್ಟೇ. ಅದರ ಆಟ ನಮ್ಮಲ್ಲಿ ನಡೆಯಲ್ಲ" ಎಂದು ಎದೆಯುಬ್ಬಿಸಿದೆ.

ಜಗಳದ ವಾಸನೆ ಹಿಡಿದು ಫೋಟೋದವನು ಬಾಗಿಲಿಗೆ ಬಂದಿದ್ದ. "ನನ್ನಲ್ಲಿಗೆ ತನ್ನಿ. ಈಗಷ್ಟೇ ವೈರಸ್ ಹಿಡಿಯೋ ಹೊಸ ಪ್ರೋಗ್ರಾಮ್ ಹಾಕ್ಸಿದೀನಿ. ಯಾರ ಮನೆದು ಅಂತ ಬಾಯಿ ಬಿಡಿಸೋಣ."

"ಬಿಡಿಸು! ಈಗಲೇ ಬಿಡಿಸು!" ಎಂದು ನಾನೇ ಎಲ್ಲರನ್ನೂ ಸ್ಟುಡಿಯೋಗೆ ಎಳೆದುಕೊಂಡು ಹೋದೆ.

ಪೆನ್‌ಡ್ರೈವ್ ಹಾಕಿದ್ದೇ ತಡ, ಅವನ ಪರದೆ ಕೆಂಪಾಗಿ ಬೊಬ್ಬಿಟ್ಟಿತು. ಹಿಡಿದ ಫೈಲಿನ ಹೆಸರು 'ಹೂವಿನ ಬಾರ್ಡರ್'. ಅದು ಕೂತಿದ್ದ ಫೋಲ್ಡರಿನ ಹೆಸರು 'ನಮ್ಮ ಮಾದರಿಗಳು'.

ಅದು ನಮ್ಮಂಗಡಿಯದೇ ಫೋಲ್ಡರು.

ಬಂದವರನ್ನು ಬರಿಗೈಲಿ ಕಳಿಸಬಾರದು ಎಂಬುದು ಅತ್ತೆಯ ಪದ್ಧತಿ. ನಮ್ಮಂಗಡಿಗೆ ಬಂದ ಯಾವ ಪೆನ್‌ಡ್ರೈವೂ ಖಾಲಿ ಹೋಗುವುದಿಲ್ಲ. ನಮ್ಮ ಡಿಸೈನುಗಳ ಈ ಫೋಲ್ಡರನ್ನು ಎಲ್ಲರದಕ್ಕೂ ಕಾಪಿ ಮಾಡಿ ಕೊಡುತ್ತೇನೆ. ಗಿರಾಕಿಗೂ ಖುಷಿ, ನಮಗೂ ಪುಕ್ಕಟೆ ಪ್ರಚಾರ. ಆ ಬಾರ್ಡರನ್ನು ಯಾರೋ ಗಿರಾಕಿ ಬಿಟ್ಟುಹೋಗಿದ್ದರು. ನಮ್ಮ ಕಂಪ್ಯೂಟರಿನಲ್ಲಿ ಏನು ಮಾಡಿದರೂ ತೆರೆಯಲಿಲ್ಲ. ಅಳಿಸಲು ಹೋದರೆ ಅತ್ತೆ, "ನಮ್ಮಲ್ಲಿ ತೆರೆಯದಿದ್ರೆ ಏನಾಯ್ತು, ಬೇರೆಯವರಲ್ಲಿ ತೆರೆಯುತ್ತೆ. ಇರಲಿ ಬಿಡು, ಪಾಪ" ಅಂದಿದ್ದಳು.

ತೆರೆಯಿತು. ಊರಲ್ಲೆಲ್ಲ ತೆರೆಯಿತು. ಅದು ಚಿತ್ರದ ವೇಷ ಹಾಕಿದ ವೈರಸ್ಸು, ಎಲ್ಲರ ಸಿಸ್ಟಮ್ಮಿಗೆಂದೇ ಬರೆದದ್ದು. ನಮ್ಮಲ್ಲಿ ಕೂತಷ್ಟು ಹೊತ್ತು ದಡದ ಮೀನು. ಅವರಲ್ಲಿಗೆ ಹೋದರೆ ನೀರಿಗೆ ಬಿಟ್ಟ ಮೀನು.

"ಹಾಗಾದ್ರೆ ನನ್ನ ಕಂಪ್ಯೂಟರ್ ಇಷ್ಟು ದಿನ ಮಲಗ್ತಾ ಇದ್ದದ್ದು..." ಫೋಟೋದವನು ನಿಧಾನವಾಗಿ ಅತ್ತೆಯ ಕಡೆ ತಿರುಗಿದ.

"ನಿನಗೂ ಕೊಟ್ಟಿದ್ವಿ" ಅಂದಳು ಅತ್ತೆ, ಸಣ್ಣ ದನಿಯಲ್ಲಿ. "ಇಷ್ಟ ಆಯ್ತು, ಇನ್ನೊಂದ್ಸಲ ಕೊಡಿ ಅಂತ ನೀನೇ ಕೇಳಿದ್ದೆ."

"ಭೇಷ್" ಅಂದರು ಹೆಡ್‌ಮೇಡಂ. "ತಾನು ಮಾತ್ರ ಕೆಮ್ಮೋದಿಲ್ಲ, ಊರಿಗೆಲ್ಲ ಕೆಮ್ಮು ಹಂಚ್ತದೆ."

"ನನ್ನ ಸಿಸ್ಟಮ್ ಸರಿಯಾಗೇ ಇದೆ!" ಎಂದು ಕಿರುಚಿದೆ.

"ಸಿಸ್ಟಮ್ ಸರಿ ಇದೆ ಕಣೋ, ನೀನು ಸರಿ ಇಲ್ಲ" ಅಂದಳು ಅತ್ತೆ.

"ನಾನಾ? ಇರಲಿ ಪಾಪ ಅಂದೋರ್ಯಾರು?"

"ಕಾಪಿ ಮಾಡಿದೋರ್ಯಾರು?"

"ಅತ್ತೆ ಸೋದರಳಿಯ ಜಗಳ ಮನೆಗೆ ಹೋಗಿ ಆಡಿ" ಹೆಡ್‌ಮೇಡಂ ಎದ್ದರು. "ಇವತ್ತು ಶಾಲೆ ಬಿಡೋದ್ರೊಳಗೆ ನಮ್ಮ ಕಂಪ್ಯೂಟರುಗಳು ಎದ್ದು ಕೂತ್ರೆ ಸಂಚಿಕೆ ನಿಮ್ಮದು. ಇಲ್ಲಾಂದ್ರೆ ಎದುರಿನವರದು."

ಅತ್ತೆ ಗಿರಾಕಿಗಳಿಗೆಲ್ಲ ಫೋನ್ ಮಾಡಿ ಆ ಫೋಲ್ಡರ್ ಅಳಿಸಿ ಎಂದು ಗೋಗರೆಯಲು ಕೂತಳು. ನಾನು ಶಾಲೆಗೆ ಓಡಿದೆ. ಕಾರಿಡಾರಿನ ಕೊನೆಯ ಲ್ಯಾಬು. ಕೀಬೋರ್ಡಿನ ಸಂದಿಯಲ್ಲಿ ಚಾಕ್‌ಪೀಸ್ ಧೂಳು, ಪೆನ್ಸಿಲ್ ಹೆರೆದ ಸಿಪ್ಪೆ. ಒಂದೊಂದು ಕಂಪ್ಯೂಟರನ್ನೂ ನನ್ನ ಪೆನ್‌ಡ್ರೈವಿನಲ್ಲಿದ್ದ ಲಿನಕ್ಸಿನಿಂದಲೇ ಎಬ್ಬಿಸಿ, ಒಳಗೆ ಅವಿತಿದ್ದ ಪೀಡೆಯನ್ನು ಜುಟ್ಟು ಹಿಡಿದು ಹೊರಗೆಳೆದೆ. ಬೈಯುತ್ತಲೇ ಎಳೆದೆ. ವೈರಸ್ ಬರೆದವನ ವಂಶದಲ್ಲಿ ಯಾರನ್ನೂ ಬಿಡಲಿಲ್ಲ. ಕಿಟಕಿಯಾಚೆ ಮಕ್ಕಳು ಸಾಲಾಗಿ ನಿಂತು ಹೊಸ ಪದಗಳನ್ನು ಕಲಿಯುತ್ತಿದ್ದರು. ಹೆಡ್‌ಮೇಡಂ ಬಂದು ಕಿಟಕಿ ಮುಚ್ಚಿದರು.

ಬೆಲ್ ಹೊಡೆಯುವ ಮೊದಲೇ ಕೊನೆಯ ಪರದೆಯೂ ಬೆಳಗಿತು. ಫೋಲ್ಡರುಗಳು ವಾಪಸ್ ಬಂದವು.

"ಇವಕ್ಕೆಲ್ಲ ಲಿನಕ್ಸೇ ಹಾಕಿಬಿಡ್ತೀನಿ ಮೇಡಂ. ಇಡೀ ಊರಿಗೇ ಹಾಕ್ತೀನಿ. ಪೀಡೆ ತೊಲಗಲಿ!"

"ಇಡೀ ಊರು ಅದನ್ನೇ ಹಾಕ್ಕೊಂಡ್ರೆ ಕಳ್ಳರೂ ಅಲ್ಲಿಗೇ ಬರಲ್ವೇನೋ?"

ಇಂಥ ಪ್ರಶ್ನೆ ಕೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ, ಅದರಲ್ಲೂ ಪ್ರಶ್ನೆ ಸರಿಯಾಗಿದ್ದರೆ.

"ಬರ್ತಾರೆ" ಅಂದೆ. "ಬೀಗ ಗಟ್ಟಿ ಇದೆ, ಕಷ್ಟಪಡ್ತಾರೆ. ಆದ್ರೂ ಬರ್ತಾರೆ. ಬೀಗ ಎಷ್ಟೇ ಗಟ್ಟಿ ಇದ್ರೂ ಗುರುತಿಲ್ಲದೋರು ಕೊಟ್ಟಿದ್ದನ್ನ ನಾವೇ ಒಳಗಿಟ್ಕೊಂಡು ಪಕ್ಕದ ಮನೆಗೂ ಹಂಚಿದ್ರೆ ಯಾವ ಸಿಸ್ಟಮ್ ಏನ್ ಮಾಡುತ್ತೆ, ಮಣ್ಣು!"

ಹೆಡ್‌ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಇದನ್ನೇ ಬರೆದುಕೊಡು. ಸಂಚಿಕೆಯಲ್ಲಿ ಹಾಕ್ತೀನಿ."

"ನಾನಾ? ನನಗೆ ಚಂದ ಮಾಡಿ ಬರೆಯೋಕೆ ಬರಲ್ಲ."

"ಚಂದ ಯಾರಿಗೆ ಬೇಕು? ಕಿಟಕಿ ಮುಚ್ಚೋ ಮುಂಚೆ ಮಾತಾಡ್ತಿದ್ದೆಯಲ್ಲ, ಹಾಗೇ ಬರಿ. ಆ ನಾಲ್ಕು ಪದ ಮಾತ್ರ ಬಿಡು."

ಗೇಟಿನ ಹೊರಗೆ ಬಂದು ಅತ್ತೆಗೆ ಫೋನ್ ಮಾಡಿದೆ. "ಸಂಚಿಕೆ ನಮ್ದೇ. ಒಂದು ಪುಟ ಜಾಸ್ತಿ ಇದೆ."

"ಏನಂತೆ ಅದು? ಕತೆಯಾ, ಕವನಾನಾ?"

"ಬೈಗುಳ."