ಚೀಲಕ್ಕೆ ಹಚ್ಚಿದ್ದು

"ಗೌಡ್ರ, ಇದಕ್ಕ ನಾ ಬರೇ ಔಡಲೆಣ್ಣಿ ಹಚ್ಚಿಲ್ರಿ," ಅಂದೇಬಿಟ್ಟ ಮಾರೆಣ್ಣ.

ಎತ್ತುಗಳು ಎಳೆಯುವ ಕಪಿಲೆಯ ತೊಗಲ ಚೀಲ ಆಗತಾನೆ ಬಾವಿಯಿಂದ ಮೇಲೆ ಬಂದು ಕಾಲುವೆಗೆ ನೀರು ಸುರಿದಿತ್ತು. ಕುರುಗೋಡಿನಲ್ಲಿ ಉಳಿದವರ ಚೀಲಗಳು ಅರ್ಧ ನೀರನ್ನು ದಾರಿಯಲ್ಲೇ ಸೋರಿಸಿಕೊಂಡು ಬರುತ್ತಿದ್ದವು. ಗೌಡ ದೊಡ್ಡಬಸಪ್ಪನ ಚೀಲದಿಂದ ಮಾತ್ರ ಒಂದು ಹನಿಯೂ ಬೀಳುತ್ತಿರಲಿಲ್ಲ. ಮಾರೆಣ್ಣನಿಗೆ ಮುಳುವಾದದ್ದೂ ಅದೇ: ಇಂಥ ಕೆಲಸಗಾರನನ್ನು ಗೌಡ ಬಿಡುವವನಲ್ಲ. ಯುದ್ಧದ ಕಾಲ, ಬಳ್ಳಾರಿ ಕಂಟೋನ್ಮೆಂಟಿನಲ್ಲಿ ಸಿಪಾಯಿಗಳ ಬೂಟು ಹೊಲಿಯುವ ಶೆಡ್ಡಿನಲ್ಲಿ ಅವನ ಭಾವ ಓಬಣ್ಣ ಜಾಗ ಹಿಡಿದಿಟ್ಟಿದ್ದ, ಸೋಮವಾರದವರೆಗೆ. ಆದರೆ ಗೌಡನ ಮನೆಯ ತೊಗಲ ಕೆಲಸ ತಾತನ ಕಾಲದಿಂದ ಮಾರೆಣ್ಣನ ಮನೆತನದ್ದೇ. ಹಿಂದೊಮ್ಮೆ ಹೇಳದೆ ಊರು ಬಿಟ್ಟ ಇನ್ನೊಬ್ಬ ಆಳು ಸುಂಕಣ್ಣನನ್ನು ಗೌಡ ಸಿರುಗುಪ್ಪದಿಂದ ಎಳೆತರಿಸಿದ್ದ. ಗೌಡನೇ ಬೇಡವೆಂದರಷ್ಟೇ ಬಿಡುಗಡೆ.

"ಮತ್ತೇನು ಹಚ್ಚೀದಿ?"

"ದನದ ಕೊಬ್ಬುರಿ. ಕಾಸಿ, ಸೋಸಿ, ಎಣ್ಣಿಗಿ ಬೆರಸೀನಿ. ಅದಕ್ಕ ಸೋರಂಗಿಲ್ಲ. ನಾಕು ವರ್ಷಾತು."

ದೊಡ್ಡಬಸಪ್ಪನ ಕೈ ಎದೆಯ ಮೇಲಿನ ಲಿಂಗಕ್ಕೆ ಹೋಯಿತು. ಚೀಲವೇ ಎತ್ತಿನ ತೊಗಲಿನದು, ಅದಕ್ಕೇನೂ ಅಡ್ಡಿಯಿಲ್ಲ. ಕೊಬ್ಬು ಮಾತ್ರ ಮೈಲಿಗೆ. ಮಾರೆಣ್ಣ ನೆಚ್ಚಿಕೊಂಡು ಬಂದದ್ದೂ ಅದನ್ನೇ.

"ಇನ್ನ ಮ್ಯಾಲೆ ನನ್ನ ಕೈ ನಿಮ್ಮ ಚೀಲಕ್ಕ ಬ್ಯಾಡ್ರಿ. ಬೈದು ಕಳಸ್ರಿ, ಬಳ್ಳಾರಿಗಿ ಹೋಗ್ತೀನಿ."

ಗೌಡ ಬೈಯಲಿಲ್ಲ. ಎತ್ತು ಹೊಡೆಯುವ ಗಾದೆಪ್ಪ ದೂರದಲ್ಲಿದ್ದಾನೆಂದು ನೋಡಿಕೊಂಡು, ಎಂದೂ ಬಾರದಷ್ಟು ಹತ್ತಿರ ಬಂದ.

"ಯಾರಿಗರ ಹೇಳೀಯೇನಲೇ?"

"ಇಲ್ರಿ."

"ನಾಕು ವರ್ಷ ಇದ ನೀರಿಲೆ ಬೆಳದ ಹೂವು ಮಠದ ಪೂಜಿಗಿ ಕೊಟ್ಟೀನಿ. ನೀ ಬಳ್ಳಾರ್ಯಾಗ ಒಂದಿನ ಸೆರೆ ಕುಡದು ಬಾಯಿ ಬಿಟ್ರ, ನಮ್ಮ ಮಂದಿ ನನ್ನ ಪಂಕ್ತ್ಯಾಗ ಕುಂದ್ರಸ್ತಾರೇನು?"

"ನಾ ಸೆರೆ ಕುಡಿಯಂಗಿಲ್ರಿ, ಎಪ್ಪಾ."

"ಅಲ್ಲಿ ಕಲೀತಿ."

ಮಾರೆಣ್ಣ ಕೈ ಮುಗಿದ. "ಮಠದ ಆಣಿ, ಯಾರ ಮುಂದೂ ಅನ್ನಂಗಿಲ್ರಿ..."

"ಅನ್ನಂಗಿಲ್ಲ, ಗೊತ್ತೈತಿ. ನನ್ನ ಕಣ್ಣ ಮುಂದ ಇರತೀಯಲ್ಲ. ಬಳ್ಳಾರಿ ಮಾತು ಇಲ್ಲಿಗೇ ಬಿಡು. ಯಾರು ಕೇಳಿದ್ರೂ ಔಡಲೆಣ್ಣಿ ಅನ್ನು."

ಗೌಡ ತಾನೇ ಕೊಟ್ಟಿಗೆಗೆ ಹೋಗಿ ಹೊಸ ತೊಗಲೊಂದನ್ನು, ಎಣ್ಣೆಯ ಗಡಿಗೆಯನ್ನು ತಂದು ಮುಂದಿಟ್ಟ.

"ಇದಕ್ಕ ಬರೇ ಎಣ್ಣಿ." ನಾಲ್ಕು ಹೆಜ್ಜೆ ಹೋಗಿ ತಿರುಗಿದ. "ಆದ್ರ ಸೋರಬಾರ್ದು ನೋಡು."

ಮಾರೆಣ್ಣ ಕುಕ್ಕರುಗಾಲಲ್ಲಿ ಕೂತು ಎಣ್ಣೆ ಸುರಿದ. ಬಿರುಸು ತೊಗಲಿನ ಮೇಲೆ ಅದು ಒಳಗಿಳಿಯದೆ ಹಾಗೇ ನಿಂತಿತು. ಅವನು ಹೆಬ್ಬೆರಳೂರಿ ತಿಕ್ಕತೊಡಗಿದ.